ಹಸಿ ಮರದಿಂದ ಬೇಟೆಯ ಬಿಲ್ಲು ಮಾಡಲು ಎಷ್ಟು ತಿಂಗಳು ಒಣಗಿಸಬೇಕು?

ಟೆಕ್ಸಸ್‌ನಲ್ಲಿ ನಿಮ್ಮ ಹಿತ್ತಲಿನ ಓಸೇಜ್ ಆರೆಂಜ್ ಮರವನ್ನು ಮೂರು ದಿನದ ಹಿಂದೆ ಕಡಿಸಿದ್ದೀರಿ. ಅದರಿಂದ ಜಿಂಕೆ ಬೇಟೆಗೆ ಬಿಲ್ಲು ಮಾಡಬೇಕು, ಎಷ್ಟು ತಿಂಗಳು ಒಣಗಿಸಲಿ ಅಂತ ಕೇಳಿದ್ದೀರಿ. ತಿಂಗಳ ಲೆಕ್ಕ ಆಮೇಲೆ. ಮೊದಲು ಎದ್ದು ಹೋಗಿ ದಿಮ್ಮಿಯ ಎರಡೂ ತುದಿಗೆ ಮರ ಅಂಟಿಸುವ ಗೋಂದು ಬಳಿದು ಬನ್ನಿ. ದಪ್ಪಗೆ, ಎರಡು ಸಲ. ಆಗಲೇ ಬಿರುಕು ಬಿಟ್ಟಿದ್ದರೆ ಅಷ್ಟನ್ನು ಕೊಯ್ದು ತೆಗೆದು ಬಳಿಯಿರಿ.

ನಾನಿರುವುದು ಕನ್ಸಾಸ್‌ನಲ್ಲಿ. ಇಲ್ಲಿ ಈ ಮರಕ್ಕೆ ಹೆಜ್ ಅನ್ನುತ್ತಾರೆ. ಮುಳ್ಳುತಂತಿ ಬರುವ ಮೊದಲು ರೈತರು ಬೇಲಿಗೆ ನೆಡುತ್ತಿದ್ದದ್ದು ಇದನ್ನೇ. ಓಸೇಜ್ ಅನ್ನುವ ಅಮೆರಿಕದ ಮೂಲನಿವಾಸಿ ಜನ ಇದರಲ್ಲಿ ಬಿಲ್ಲು ಮಾಡುತ್ತಿದ್ದರು, ಫ್ರೆಂಚರು 'ಬಿಲ್ಲಿನ ಮರ' ಅಂತಲೇ ಕರೆದರು. ನಮ್ಮ ಹಲಸಿನ ದಾಯಾದಿ ಇದು. ಅದೇ ಬಿಳಿ ಹಾಲು, ಅದೇ ಹಳದಿ ಚೇಗು.

ನನ್ನ ಮೊದಲ ದಿಮ್ಮಿಯನ್ನು ಒಂದು ವಾರ ಸುಮ್ನೆ ಬಿಟ್ಟಿದ್ದೆ. ಎರಡೂ ಕಡೆಯಿಂದ ಗೇಣುದ್ದ ಸೀಳಿತ್ತು. ಮರದೊಳಗೆ ನೀರು ಓಡುವ ಕೊಳವೆಗಳು ಉದ್ದಕ್ಕೆ ಇರುತ್ತವೆ, ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ತುದಿ ಬೇಗ ಒಣಗಿ ಕುಗ್ಗುತ್ತದೆ, ನಡುಭಾಗ ಇನ್ನೂ ಹಸಿ. ಆ ಎಳೆದಾಟಕ್ಕೆ ಮರ ಬಿರಿಯುತ್ತದೆ.

ಆಮೇಲೆ ದಿಮ್ಮಿಯನ್ನು ಬೆಣೆ ಹೊಡೆದು ಉದ್ದಕ್ಕೆ ಸೀಳಿ. ಗರಗಸ ಬೇಡ. ಬೆಣೆಯಾದರೆ ಸೀಳು ನಾರಿನ ಜಾಡು ಹಿಡಿದೇ ಹೋಗುತ್ತದೆ, ಮರ ಎಲ್ಲಿ ತಿರುಚಿದೆ ಅನ್ನೋದೂ ಗೊತ್ತಾಗುತ್ತದೆ. ತೊಗಟೆ ಮತ್ತು ಅದರ ಕೆಳಗಿನ ಬಿಳಿ ಭಾಗ ತೆಗೆದುಬಿಡಿ, ಹುಳ ಬೀಳೋದು ಅಲ್ಲೇ. ಆದರೆ ತೆಗೆದ ಕೂಡಲೇ ಆ ಮೈಗೆ ಶೆಲಾಕ್ (ಅರಗಿನ ವಾರ್ನಿಷ್) ಬಳಿಯಿರಿ. ಮುಂದೆ ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಗಿರುವ ಮೈ, ಆಗುವುದು ಅದೇ ಜಾಗ, ಅಲ್ಲಿ ಬಿರುಕು ಬಿದ್ದರೆ ಸೌದೆಗೆ ಹಾಕಬೇಕಷ್ಟೇ. ಪಕ್ಕಕ್ಕೂ, ಬಾಣ ಬಿಡುವವರ ಕಡೆಗಿರುವ ಹೊಟ್ಟೆಗೂ ಏನೂ ಬಳಿಯಬೇಡಿ. ನೀರು ಹೊರಗೆ ಹೋಗಲು ದಾರಿ ಬೇಕಲ್ವಾ?

ನೆರಳಲ್ಲಿ, ಗಾಳಿ ಆಡುವ ಕಡೆ, ನೆಲ ತಾಗದ ಹಾಗೆ ಇಡಿ.

ಈಗ ತಿಂಗಳ ಲೆಕ್ಕ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೆಯ ಅಂದಾಜು. ನನಗೆ ಅಷ್ಟು ತಾಳ್ಮೆ ಇಲ್ಲ. ಬಿಲ್ಲಿನ ಆಕಾರಕ್ಕೆ ಒರಟಾಗಿ, ಬೇಕಾದ್ದಕ್ಕಿಂತ ದಪ್ಪವಾಗಿ ಕೆತ್ತಿ, ಸೊಟ್ಟಗಾಗದಂತೆ ನೆಟ್ಟಗಿನ ತೊಲೆಗೆ ಕ್ಲಾಂಪ್ ಹಾಕಿ ಬಿಗಿಯುತ್ತೇನೆ. ಕೆಲವೇ ತಿಂಗಳಲ್ಲಿ ಒಣಗುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತೂಗಿ, ತೂಕವನ್ನು ಮರದ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಗ್ರಾಂ ಲೆಕ್ಕದಲ್ಲಿ ಇಳಿಯೋದೂ ನಿಂತ ಮೇಲೆ ಕೆಲಸ ಶುರು ಮಾಡಿ. ತೇವ ಅಳೆಯುವ ಮೀಟರ್ ಇದ್ದರೆ ಶೇ. 8ರಿಂದ 10 ತೋರಿಸಬೇಕು.

ಹಸಿ ಮರ ಚೆನ್ನಾಗಿ ಬಗ್ಗುತ್ತದೆ ಅಂತ ಆಸೆಪಡಬೇಡಿ. ಬಗ್ಗಿದ್ದು ಹಾಗೇ ಉಳಿಯುತ್ತದೆ, ಹೆದೆ ಬಿಚ್ಚಿದರೂ ನೆಟ್ಟಗಾಗೋದಿಲ್ಲ. ಅಂಥ ಬಿಲ್ಲಿನ ಬಾಣಕ್ಕೆ ಕಸುವಿಲ್ಲ, ಜಿಂಕೆ ಗಾಯಗೊಂಡು ನರಳುತ್ತದೆ ಅಷ್ಟೇ. ಹಾಗಂತ ಹೀಟರ್ ಪಕ್ಕದಲ್ಲಿಟ್ಟು ಜಾಸ್ತಿ ಒಣಗಿಸಿದರೆ ಎಳೆಯುವಾಗ ಮುರಿಯುತ್ತದೆ. ಊರಲ್ಲಿ ಕೂತು ಓದುತ್ತಿರುವವರು ಬಿದಿರಿನದೋ ಇನ್ಯಾವುದೋ ಬಿಲ್ಲನ್ನು ಗುರಿ ಹಲಗೆಗೆ ಮಾತ್ರ ಬಳಸಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಜಿಂಕೆ ಬೇಟೆ ಅಪರಾಧ.

ಇನ್ನೊಂದು ಮಾತು, ಕೆತ್ತುವಾಗ ಹಳೆ ಬಟ್ಟೆ ಹಾಕಿಕೊಳ್ಳಿ. ಈ ಮರದ ಹಳದಿ ಹತ್ತಿದರೆ ಸುಲಭಕ್ಕೆ ಹೋಗೋದಿಲ್ಲ.