ಹಿಮ್ಮಡಿ ಮೇಲಿನ ನೋವು: ಪಿಆರ್‌ಪಿಗೆ ಮೊದಲು 12 ವಾರ ಮೆಟ್ಟಿಲು

ಸರ್, ನಾಲ್ಕು ತಿಂಗಳಿಂದ ಹಿಮ್ಮಡಿ ಹಿಂದೆ ನೋವು, ಬೆಳಿಗ್ಗೆ ಎದ್ದರೆ ಮೊದಲ ಹತ್ತು ಹೆಜ್ಜೆ ಕುಂಟಬೇಕು, ಓಡೋಕೆ ಶುರು ಮಾಡಿದರೆ ಸಡಿಲ ಆಗುತ್ತೆ, ರಾತ್ರಿ ಮತ್ತೆ ಹಿಡಿಯುತ್ತೆ, ಪಿಆರ್‌ಪಿ (ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗ ತೆಗೆದು ಚುಚ್ಚೋ) ಇಂಜೆಕ್ಷನ್ ಮಾಡಿಸಲೇ ಅಂತ ಕೇಳಿದ್ದೀರಿ. ನನ್ನ ಉತ್ತರ: ಈಗಲೇ ಬೇಡ.

ಮೊದಲು ಜಾಗ ಗುರುತಿಸಿ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸೋ ದಪ್ಪ ನಾರು, ಅಖಿಲಿಸ್ ಟೆಂಡನ್, ಅದನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಂದ ಮೇಲಕ್ಕೆ ಒತ್ತುತ್ತಾ ಹೋಗಿ. ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ ದಪ್ಪಗಾಗಿ ನೋಯ್ತಿದ್ದರೆ ಒಂದು ಬಗೆ, ಮೂಳೆಗೆ ಅಂಟುವ ಕಡೆಯೇ ನೋಯ್ತಿದ್ದರೆ ಇನ್ನೊಂದು. ವ್ಯಾಯಾಮ ಮಾಡೋ ರೀತಿ ಇದರ ಮೇಲೆ ನಿಂತಿದೆ.

ಮೊದಲ ಬಗೆಗೆ ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇವತ್ತಿಗೂ ಬುನಾದಿ. ಮೆಟ್ಟಿಲಿನ ಅಂಚಿನ ಮೇಲೆ ಮುಂಗಾಲಲ್ಲಿ ನಿಂತು, ಗೋಡೆ ಹಿಡಿದುಕೊಳ್ಳಿ. ಒಳ್ಳೆಯ ಕಾಲಿನ ಬಲದಿಂದ ಮೇಲೇಳಿ, ಭಾರವನ್ನು ನೋವಿರುವ ಕಾಲಿಗೆ ದಾಟಿಸಿ, ಹಿಮ್ಮಡಿ ಅಂಚಿಗಿಂತ ಕೆಳಗೆ ಹೋಗೋವರೆಗೆ ನಿಧಾನಕ್ಕೆ ಇಳಿಸಿ. ನೋವಿರುವ ಕಾಲಲ್ಲಿ ಮೇಲೇಳಬೇಡಿ. ಮಂಡಿ ನೇರ ಇಟ್ಟು 15ರಂತೆ 3 ಸಲ, ಮಂಡಿ ಸ್ವಲ್ಪ ಬಾಗಿಸಿ ಮತ್ತೆ 15ರಂತೆ 3 ಸಲ. ಬಾಗಿಸೋದನ್ನ ಬಿಡಬೇಡಿ, ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ ಕೆಲಸ ಬೀಳೋದು ಆಗಲೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವಾರದ ಏಳೂ ದಿನ, 12 ವಾರ. ದಿನಕ್ಕೆ 180 ಇಳಿತ. ನೋವಿಲ್ಲದೆ ಮಾಡೋಕಾದರೆ ಬೆನ್ನಿಗೆ ಬ್ಯಾಗ್ ಹಾಕಿ 5 ಕೆ.ಜಿ. ಅಕ್ಕಿಯಿಂದ ಶುರು ಮಾಡಿ, ಮೆಲ್ಲಗೆ ಏರಿಸಿ. ಹೆಚ್ಚಿನವರು ಎಡವೋದೇ ಇಲ್ಲಿ: ನೋವು ತಗ್ಗಿತು ಅಂತ ಭಾರ ಏರಿಸದೆ ನಿಂತುಬಿಡ್ತಾರೆ, ಟೆಂಡನ್ ಗಟ್ಟಿಯಾಗೋದೇ ಇಲ್ಲ.

ಆ ಅಧ್ಯಯನದಲ್ಲಿ ವ್ಯಾಯಾಮ ಮಾಡಿದ 15 ಓಟಗಾರರೂ ಓಟಕ್ಕೆ ಮರಳಿದರು. ಆದರೆ ಅದು ಸಣ್ಣ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಹಾಗಾಗಿ ನೂರಕ್ಕೆ ನೂರು ಅಂತ ನಂಬಬೇಡಿ. ದಿನಕ್ಕೆರಡು ಸಲ ಆಗಲ್ಲ ಅನ್ನೋರಿಗೆ ಜಿಮ್‌ನಲ್ಲಿ ವಾರಕ್ಕೆ ಮೂರೇ ದಿನ, ದೊಡ್ಡ ಭಾರ ಹೊತ್ತು ಹಿಮ್ಮಡಿ ಎತ್ತಿ ಇಳಿಸೋದು, 3 ಸೆಕೆಂಡು ಮೇಲೆ 3 ಸೆಕೆಂಡು ಕೆಳಗೆ. ಮೊದಲ ವಾರ 15 ಸಲ ಮಾತ್ರ ಎತ್ತಲು ಆಗುವಷ್ಟು ಭಾರ, ಕೊನೆಯ ವಾರಗಳಲ್ಲಿ 6 ಸಲ ಮಾತ್ರ ಆಗುವಷ್ಟು. ಡೆನ್ಮಾರ್ಕಿನಲ್ಲಿ 2015ರಲ್ಲಿ ಎರಡನ್ನೂ ಹೋಲಿಸಿದಾಗ ಫಲ ಸಮಸಮ ಬಂತು.

ಮೂಳೆಗೆ ಅಂಟುವ ಕಡೆ ನೋವಿದ್ದರೆ ಮೆಟ್ಟಿಲು ಬೇಡ, ಸಮನೆಲದ ಮೇಲೆ ಮಾಡಿ. ಹಿಮ್ಮಡಿ ಕೆಳಗಿಳಿದರೆ ಟೆಂಡನ್ ಮೂಳೆಗೆ ಒತ್ತಿ ನೋವು ಕೆರಳುತ್ತೆ. ಮೀನಖಂಡ ಎಳೆಯೋ ಸ್ಟ್ರೆಚ್‌ಗೂ ಇದೇ ಮಾತು.

ಓಟ ಪೂರ್ತಿ ನಿಲ್ಲಿಸಬೇಕಿಲ್ಲ. ನೋವು ಹತ್ತಕ್ಕೆ 5 ದಾಟಬಾರದು, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಇಳಿಯದಿದ್ದರೆ ಓಟ ಕಡಿಮೆ ಮಾಡಿ, ವ್ಯಾಯಾಮ ಅಲ್ಲ. ಏರು ರಸ್ತೆ, ವೇಗದ ಓಟ ಕೊನೆಗೆ ಸೇರಿಸಿ.

ಪಿಆರ್‌ಪಿ ವಿಷಯ: 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 54 ಜನರಿಗೆ, ವ್ಯಾಯಾಮದ ಜೊತೆ, ಅರ್ಧದಷ್ಟು ಮಂದಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್ ಚುಚ್ಚಿದರು. ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ 240 ಜನರ ಮೇಲೆ ನೋಡಿದಾಗಲೂ, ಹುಸಿ ಇಂಜೆಕ್ಷನ್‌ಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಆ ದುಡ್ಡು ಒಳ್ಳೆಯ ಫಿಸಿಯೋಗೆ ಹಾಕಿ. ಸ್ಟೆರಾಯ್ಡ್ ಅನ್ನು ಟೆಂಡನ್‌ಗೆ ಚುಚ್ಚಿಸಿಕೊಳ್ಳಲೇಬೇಡಿ, ಹರಿಯೋ ಅಪಾಯ ಇದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿ ಓಡಿದರೆ ನೋವಿನ ಲೆಕ್ಕವೇ ತಪ್ಪುತ್ತೆ.

ಇತ್ತೀಚೆಗೆ ಸಿಪ್ರೋಫ್ಲಾಕ್ಸಸಿನ್ ಅಥವಾ ಲಿವೋಫ್ಲಾಕ್ಸಸಿನ್ ತಗೊಂಡಿದ್ದರೆ ಡಾಕ್ಟರಿಗೆ ಹೇಳಿ, ಈ ಆಂಟಿಬಯೋಟಿಕ್‌ಗಳಿಂದ ಟೆಂಡನ್ ಹರಿಯಬಹುದು. ಓಡುವಾಗ ಟಪ್ ಅಂತ ಸದ್ದಾಗಿ ಹಿಂದಿನಿಂದ ಯಾರೋ ಒದ್ದಂತಾದರೆ, ಬೋರಲು ಮಲಗಿ ಮೀನಖಂಡ ಹಿಂಡಿಸಿ. ಪಾದ ಅಲ್ಲಾಡದಿದ್ದರೆ ಅದು ಹರಿದಿದೆ, ಅವತ್ತೇ ಆಸ್ಪತ್ರೆಗೆ ಹೋಗಿ.