ಕರಾರು ಮುರಿದವರಿಗೆ ಕೋರ್ಟ್ ದಂಡ ಹಾಕಲ್ವಾ?

ಪ್ರಶ್ನೆ: ಮೇಡಂ, ನನ್ನ ಪ್ರಿಂಟಿಂಗ್ ಪ್ರೆಸ್‌ಗೆ ಒಂದು ಮೆಷಿನ್ ಕೊಡುತ್ತೇನೆಂದು ಒಬ್ಬರು ಬರೆದುಕೊಟ್ಟು, ಅಡ್ವಾನ್ಸ್ ತೆಗೆದುಕೊಂಡಿದ್ದರು. ಬೇರೆಯವರು ಜಾಸ್ತಿ ಹಣ ಕೊಟ್ಟರೆಂದು ಅವರಿಗೇ ಮಾರಿಬಿಟ್ಟರು. ಬೇಕಂತಲೇ ಮಾಡಿದ್ದು. ನಷ್ಟ ಕಟ್ಟಿಕೊಟ್ಟರೆ ಸಾಕಾ? ಬುದ್ಧಿ ಬರುವ ಹಾಗೆ ದಂಡ ಹಾಕಿಸಬಹುದಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಬರೀ ಕರಾರು ಮುರಿದಿದ್ದಕ್ಕೆ ಕೋರ್ಟ್ ದಂಡ ಹಾಕುವುದು ತೀರಾ ಅಪರೂಪ. ಮೆಷಿನ್ ಬಂದಿದ್ದರೆ ನಿಮ್ಮ ಸ್ಥಿತಿ ಹೇಗಿರುತ್ತಿತ್ತೋ, ಹಣ ಕೊಡಿಸಿ ಆ ಸ್ಥಿತಿಗೆ ತರುವುದು ಅದರ ಲೆಕ್ಕ. ಅಂಥದ್ದೇ ಮೆಷಿನ್ ಬೇರೆ ಕಡೆ ಕೊಳ್ಳಲು ಜಾಸ್ತಿ ಕೊಟ್ಟಿದ್ದರೆ ಆ ವ್ಯತ್ಯಾಸ ಕೇಳಬಹುದು.

1909ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಆಡಿಸ್ ಎಂಬುವರ ಕೇಸಿನಲ್ಲಿ ಹೀಗೇ ಹೇಳಿತು. ಆಡಿಸ್ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಮ್ಯಾನೇಜರ್. ಕಂಪನಿ ಆರು ತಿಂಗಳ ನೋಟಿಸ್ ಕೊಟ್ಟು, ಆಗಲೇ ಅವರ ಜಾಗಕ್ಕೆ ಇನ್ನೊಬ್ಬರನ್ನು ತಂದು ಕೂರಿಸಿತು. ಸಂಬಳ, ಕಮಿಷನ್ನಿನ ನಷ್ಟಕ್ಕೆ ಹಣ ಸಿಕ್ಕಿತು. ಆದ ಅವಮಾನಕ್ಕೆ ಏನೂ ಇಲ್ಲ. ಈ ತೀರ್ಪು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆನಡಾದ ವೈಟನ್ ಕುಟುಂಬದ ಮನೆಗೆ 1994ರ ಜನವರಿಯಲ್ಲಿ, ರಾತ್ರಿ ಹೊತ್ತು ಬೆಂಕಿ ಬಿತ್ತು. ಹೊರಗೆ ಮೈನಸ್ 18 ಡಿಗ್ರಿ ಚಳಿ. ಗಂಡ, ಹೆಂಡತಿ, ಮಗಳು ಮಲಗಿದ್ದ ಬಟ್ಟೆಯಲ್ಲೇ ಹೊರಗೆ ಓಡಿದರು. ಗಂಡ ತನ್ನ ಚಪ್ಪಲಿಯನ್ನು ಮಗಳಿಗೆ ಕೊಟ್ಟು, ಹಿಮದಲ್ಲಿ ಕಾಲು ಕೆಡಿಸಿಕೊಂಡರು. ಇನ್ಶೂರೆನ್ಸ್ ಕಂಪನಿ ಮಾತ್ರ, ಬೆಂಕಿ ಹಚ್ಚಿದ್ದು ನೀವೇ ಅಂದಿತು. ಅದಕ್ಕೆ ಆಧಾರವಿಲ್ಲ ಎಂದು ಕಂಪನಿ ಕರೆಸಿದ ತಜ್ಞರೇ ಹೇಳಿದರೂ ಕೇಳಲಿಲ್ಲ. ಜ್ಯೂರಿ 10 ಲಕ್ಷ ಡಾಲರ್ ದಂಡ ಹಾಕಿತು. ಮೇಲಿನ ಕೋರ್ಟ್ ಅದನ್ನು 1 ಲಕ್ಷಕ್ಕೆ ಇಳಿಸಿತು. 2002ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಪೂರ್ತಿ 10 ಲಕ್ಷವನ್ನೂ ಎತ್ತಿಹಿಡಿಯಿತು. ಹಣ ಕೊಡದೇ ಇದ್ದದ್ದು ಒಂದು ತಪ್ಪು. ಪ್ರಾಮಾಣಿಕವಾಗಿ ನಡೆದುಕೊಳ್ಳದೇ ಇದ್ದದ್ದು ಅದಕ್ಕಿಂತ ಬೇರೆಯದೇ ತಪ್ಪು, ದಂಡ ಬಿದ್ದಿದ್ದು ಇದಕ್ಕೆ.

ನೀವೂ ಹುಡುಕಬೇಕಾದ್ದು ಅಂಥ ಎರಡನೇ ತಪ್ಪನ್ನೇ. ಜಾಸ್ತಿ ಹಣದ ಆಸೆಗೆ ಕೈಕೊಟ್ಟಿದ್ದು ಬರೀ ಕರಾರು ಮುರಿದ ಹಾಗೆ. ಆದರೆ ಮೆಷಿನ್ ಆಗಲೇ ಮಾರಿ, ಅದನ್ನು ಮುಚ್ಚಿಟ್ಟು ನಿಮ್ಮಿಂದ ಅಡ್ವಾನ್ಸ್ ಪಡೆದಿದ್ದರೆ ಅದು ವಂಚನೆ. ಅದನ್ನು ದಾವೆಯಲ್ಲಿ ಬೇರೆಯಾಗಿಯೇ ಬರೆಸಿ. ಆ ವಾರದ ಮೆಸೇಜ್, ರಸೀದಿ, ಮೆಷಿನ್ ಇನ್ನೊಬ್ಬರ ಕೈಗೆ ಹೋದ ದಿನ, ಎಲ್ಲವನ್ನೂ ತಾರೀಖಿನ ಸಮೇತ ಜೋಡಿಸಿಟ್ಟು ವಕೀಲರ ಹತ್ತಿರ ಹೋಗಿ.