ತಡೆದುಕೊಳ್ಳಬೇಕಾದ ನೋವು, ತಡೆದುಕೊಳ್ಳಬಾರದ ಚುಚ್ಚು

ಪ್ರಶ್ನೆ: ನನಗೆ 29 ವರ್ಷ, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಲ್ಲಿಗೆ ಕ್ಲಿಪ್ ಹಾಕಿಸಿ ಒಂಬತ್ತು ದಿನವಾಯಿತು. ಮೊದಲ ಮೂರು ದಿನ ಮೆತ್ತನೆಯದನ್ನೂ ಅಗಿಯಲಾಗಲಿಲ್ಲ. ಈಗ ಹಲ್ಲುನೋವು ಇಳಿದಿದೆ, ಆದರೆ ಬಲಗಡೆ ತಂತಿಯ ತುದಿ ಚುಚ್ಚಿ ಕೆನ್ನೆಯ ಒಳಗೆ ಹುಣ್ಣಾಗಿದೆ. ಐದು ಪೀರಿಯಡ್ ಮಾತಾಡಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ಮುಂದಿನ ಹಲ್ಲೊಂದು ಅಲುಗಾಡುತ್ತಿರುವ ಹಾಗೂ ಇದೆ. ಡಾಕ್ಟರು ಮತ್ತೆ ಬರಹೇಳಿರುವುದು ಮೂರು ವಾರದ ನಂತರ. "ತಡ್ಕೋ, ಅಭ್ಯಾಸ ಆಗುತ್ತೆ" ಅನ್ನುತ್ತಾರೆ ಮನೆಯಲ್ಲಿ. ಎಷ್ಟು ದಿನ ತಡೆದುಕೊಳ್ಳಲಿ? ದಿನಾ ನೋವಿನ ಮಾತ್ರೆ ನುಂಗಬಹುದೇ?
— ಹೆಸರು ಬೇಡ

ಉತ್ತರ: ಹಲ್ಲುನೋವನ್ನು ತಡೆದುಕೊಂಡಿರಲ್ಲ, ಅದು ಸರಿ. ಚುಚ್ಚುವ ತಂತಿಯನ್ನು ಮಾತ್ರ ನಾಳೆಯವರೆಗೂ ಇಟ್ಟುಕೊಳ್ಳಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಆಮೇಲೆ ಮುಂದೆ ಓದಿ. ಮೂರು ವಾರದ ಲೆಕ್ಕ ತಂತಿ ಬದಲಿಸುವುದಕ್ಕೆ. ಚುಚ್ಚುವ ತುದಿ ಕತ್ತರಿಸುವುದು ಎರಡು ನಿಮಿಷದ ಕೆಲಸ, ಅದಕ್ಕೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಬಳಿ ಬರುವವರು ಹೆಚ್ಚಾಗಿ ಉಲ್ಟಾ ಮಾಡುತ್ತಾರೆ. ತಾನಾಗಿಯೇ ಇಳಿಯುವ ಹಲ್ಲುನೋವಿಗೆ ಎರಡನೇ ರಾತ್ರಿಯೇ ಫೋನ್ ಬರುತ್ತದೆ; ಕೆನ್ನೆಯ ಹುಣ್ಣನ್ನು ಮಾತ್ರ ಬಾಯಿ ಮುಚ್ಚಿಕೊಂಡು ಸಹಿಸುತ್ತಾರೆ. ಬೈಯುವ ಹಕ್ಕು ನನಗಿಲ್ಲ. ವಕ್ರ ಹಲ್ಲು ಸರಿಪಡಿಸುವ ಇದೇ ವಿಷಯದಲ್ಲಿ ಸ್ನಾತಕೋತ್ತರ ಓದುತ್ತಿದ್ದಾಗ, 26ನೇ ವಯಸ್ಸಿನಲ್ಲಿ ನಾನೂ ಕ್ಲಿಪ್ ಹಾಕಿಸಿಕೊಂಡವಳು. ಪಾಠದಲ್ಲಿ 'ಅಲ್ಪ ತೊಂದರೆ' ಎಂದು ಒಂದು ಸಾಲು ಓದಿದ್ದೆ. ಮರುದಿನ ಆಕಳಿಸಿ ಬಾಯಿ ಮುಚ್ಚುವಾಗ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿತು ನೋಡಿ, ಆ ಸಾಲು ಬರೆದವರಿಗೆ ಹಲ್ಲೇ ಇರಲಿಲ್ಲವೇನೋ ಅನ್ನಿಸಿತು.

ಹಲ್ಲನ್ನು ಮೂಳೆಗೆ ಮೊಳೆ ಹೊಡೆದು ಕೂರಿಸಿಲ್ಲ. ಬೇರಿನ ಸುತ್ತ ಸುಮಾರು ಕಾಲು ಮಿಲಿಮೀಟರಿನಷ್ಟೇ ದಪ್ಪದ ನಾರಿನ ಪದರವಿದೆ, ಹಲ್ಲು ಅದರಲ್ಲಿ ತೂಗಿಕೊಂಡಿರುತ್ತದೆ. ತಂತಿ ಒತ್ತಿದ ಕಡೆ ಆ ಪದರ ಅಮುಕಿ ರಕ್ತ ಓಡಾಟ ಕಮ್ಮಿಯಾಗುತ್ತದೆ, ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಊರುತ್ತದೆ. ಆಗ ಒತ್ತಿದ ಕಡೆಯ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸದು ಕಟ್ಟಿಕೊಳ್ಳುತ್ತದೆ. ನೋವೂ ಅಲ್ಲಿಯದೇ: ಕೆಲವು ಗಂಟೆಗಳಲ್ಲಿ ಶುರುವಾಗಿ, ಮರುದಿನ ಜೋರಾಗಿ, ವಾರದೊಳಗೆ ಇಳಿಯುತ್ತದೆ. ತಂತಿ ಬದಲಿಸಿದಾಗಲೆಲ್ಲ ಎರಡು ಮೂರು ದಿನ ತಲೆಯೆತ್ತುತ್ತದೆ, ಆದರೆ ಮೊದಲ ಸಲದಷ್ಟು ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಹಲ್ಲು ತುಸು ಅಲುಗಾಡಿದಂತೆ ಅನಿಸುವುದಕ್ಕೂ ಇದೇ ಕಾರಣ, ಗಾಬರಿ ಬೇಡ. ಕನ್ನಡಿಯಲ್ಲಿ ಕಾಣುವಷ್ಟು ಆಡುತ್ತಿದ್ದರೆ ಅದೇ ಫೋನಿನಲ್ಲಿ ಹೇಳಿ.

ದಿನಾ ಮಾತ್ರೆ ಬೇಡ. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ತಡೆಯುವುದು ಆ ಪ್ರೊಸ್ಟಗ್ಲಾಂಡಿನ್ ಅನ್ನೇ, ಹಲ್ಲು ಸರಿಯಲು ಅದು ಬೇಕು. ಒಂದೆರಡು ದಿನಕ್ಕೆ ತೊಂದರೆಯಿಲ್ಲ, ವಾರಗಟ್ಟಲೆ ನುಂಗುವುದು ತಪ್ಪು. ನಾನು ಹೇಳುವುದು ಪ್ಯಾರಾಸಿಟಮಾಲ್, ಅದೂ ತಂತಿ ಬದಲಿಸಿದ ಮೊದಲ ಒಂದೆರಡು ದಿನ, ಪ್ಯಾಕಿನ ಮೇಲಿನ ಅಳತೆ ಮೀರದಂತೆ. ಲಿವರ್ ತೊಂದರೆ ಇದ್ದವರು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಕೇಳಿಯೇ ನುಂಗಬೇಕು.

ಮಾತ್ರೆಗಿಂತ ನನಗೆ ಒದಗಿದ್ದು ತಣ್ಣೀರು. ಶುರುವಿನಲ್ಲಿ ಹಾಕುವ ತೆಳು ತಂತಿ ಹೆಚ್ಚಾಗಿ ನಿಕಲ್ ಮತ್ತು ಟೈಟಾನಿಯಂ ಬೆರೆತದ್ದು. ಬಗ್ಗಿಸಿದರೂ ತನ್ನ ಹಳೆಯ ಆಕಾರಕ್ಕೆ ಮರಳುವ ಈ ಲೋಹ 1960ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂತು, ಹಲ್ಲಿಗೆ ಬಂದದ್ದು 1970ರ ದಶಕದಲ್ಲಿ. ಇದರ ಹಲವು ಬಗೆಗಳು ಬಾಯಿಯ ಬಿಸಿಗೆ ಸೆಟೆದು ತಂಪಿಗೆ ಸಡಿಲವಾಗುತ್ತವೆ. ತಣ್ಣೀರನ್ನು ಅರೆ ನಿಮಿಷ ಬಾಯಲ್ಲಿ ನಿಲ್ಲಿಸಿ, ಒತ್ತಡ ಸ್ವಲ್ಪ ಹೊತ್ತು ಇಳಿಯುತ್ತದೆ. ಪಾಠದ ಮೇಜಿನ ಮೇಲೊಂದು ಬಾಟಲಿ ಇರಲಿ.

ಈಗ ಹುಣ್ಣಿನ ವಿಚಾರ. ತಂತಿ ಕತ್ತರಿಸುವವರೆಗೆ ಕ್ಲಿಪ್‌ಗೆಂದೇ ಸಿಗುವ ಮೆತ್ತನೆ ಮೇಣವೇ ಗತಿ. "ಮೇಣ ನಿಲ್ಲೋದೇ ಇಲ್ಲ ಡಾಕ್ಟ್ರೇ" ಎಂದು ಎಲ್ಲರೂ ದೂರುತ್ತಾರೆ; ಒದ್ದೆ ಲೋಹಕ್ಕೆ ಅದು ಅಂಟುವುದಿಲ್ಲ, ಅಷ್ಟೇ. ನಾನೂ ಒಂದು ಡಬ್ಬಿ ಪೂರ್ತಿ ವ್ಯರ್ಥ ಮಾಡಿದ ಮೇಲೆ ಕಲಿತೆ. ಟಿಶ್ಯೂ ಒತ್ತಿ ತಂತಿಯ ತುದಿಯನ್ನು ಒಣಗಿಸಿ, ಬಟಾಣಿಯಷ್ಟು ಮೇಣವನ್ನು ಬೆರಳಲ್ಲಿ ಉರುಟಿ, ಅದರ ಮೇಲೆ ಒತ್ತಿ ಚಪ್ಪಟೆ ಮಾಡಿ. ಅರಿವಿಲ್ಲದೆ ನುಂಗಿದರೆ ಹೆದರಬೇಡಿ, ಏನೂ ಆಗುವುದಿಲ್ಲ. ತುದಿ ಬಗ್ಗುವಂತಿದ್ದರೆ ತೊಳೆದ ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಹಲ್ಲಿನ ಕಡೆಗೆ ಒತ್ತಬಹುದು. ಉಗುರು ಕತ್ತರಿಯನ್ನು ಮಾತ್ರ ಬಾಯೊಳಗೆ ಹಾಕಬೇಡಿ, ಕತ್ತರಿಸಿದ ಚೂರು ಗಂಟಲಿಗೆ ಬೀಳಬಹುದು. ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕು ಸಲ ಮುಕ್ಕಳಿಸಿ. ತಂತಿ ಕತ್ತರಿಸಿ ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ತೋರಿಸಲೇಬೇಕು. ಮುಖ ಊದಿದರೆ, ಜ್ವರ ಬಂದರೆ, ಒಂದೇ ಹಲ್ಲು ರಾತ್ರಿಯೆಲ್ಲ ಮಿಡಿದರೆ ಅಷ್ಟೂ ಕಾಯಬೇಡಿ.

ನೋಯುತ್ತದೆಂದು ಹಲ್ಲುಜ್ಜುವುದನ್ನು ಬಿಟ್ಟಿದ್ದರೆ ಇಂದೇ ಶುರು ಮಾಡಿ, ಮೆತ್ತನೆ ಬ್ರಷ್ ಸಾಕು. ಕ್ಲಿಪ್ ಸುತ್ತ ಕೊಳೆ ಕೂತು ಮೂಡುವ ಬಿಳಿ ಕಲೆಗಳು ಕ್ಲಿಪ್ ತೆಗೆದ ಮೇಲೂ ಉಳಿದುಬಿಡುತ್ತವೆ.

ನೀವು ಕೇಳಿಲ್ಲ, ಆದರೂ ಟೀಚರಾದ್ದರಿಂದ ಹೇಳುತ್ತೇನೆ: ಸ, ಶ ಅಕ್ಷರಗಳು ಸೀಟಿ ಹೊಡೆದ ಹಾಗೆ ಕೇಳುತ್ತಿದ್ದರೆ ಮನೆಯಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ಓದಿ, ನಾಲಿಗೆ ಬೇಗ ದಾರಿ ಹುಡುಕಿಕೊಳ್ಳುತ್ತದೆ. ಇನ್ನು ತಂತಿ ಬದಲಿಸಿದ ಪ್ರತಿ ಸಲವೂ ಕುರ್ಚಿಯಿಂದ ಏಳುವ ಮೊದಲು ಬಾಯಿ ದೊಡ್ಡದಾಗಿ ತೆರೆದು ಮುಚ್ಚಿ, ಕೊನೆಯ ದವಡೆ ಹಲ್ಲಿನ ಹಿಂದೆ ಬೆರಳಾಡಿಸಿ ನೋಡಿ. ಚುಚ್ಚಿದರೆ ಅಲ್ಲೇ ಹೇಳಿ. ಕಟರ್ ಇನ್ನೂ ಡಾಕ್ಟರ ಕೈಯಲ್ಲೇ ಇರುತ್ತದೆ.